ಮದುವೆ ಮನೆಯ ಚಿರೋಟಿ, ನಿಮ್ಮ ಮನೆಯ ಬಾಣಲೆಯಲ್ಲಿ

ಬೆಂಗಳೂರು, ಮೈಸೂರು ಕಡೆಯ ಮದುವೆ ಊಟದಲ್ಲಿ ಚಿರೋಟಿ ಬಡಿಸುವುದಕ್ಕೆ ಮೂರು ಜನ ಬೇಕು. ಮೊದಲನೆಯವರು ಎಲೆಗೆ ಚಿರೋಟಿ ಹಾಕಿಕೊಂಡು ಹೋಗುತ್ತಾರೆ, ಹಿಂದೆಯೇ ಇನ್ನೊಬ್ಬರು ಸಕ್ಕರೆ ಪುಡಿ ಉದುರಿಸುತ್ತಾರೆ, ಅವರ ಬೆನ್ನಿಗೆ ಬಾದಾಮಿ ಹಾಲಿನ ಜಗ್ ಹಿಡಿದವರು ಬರುತ್ತಾರೆ. ಹಾಲು ಬೀಳುವ ಮೊದಲೇ ಚಿರೋಟಿ ಪುಡಿ ಮಾಡಿಟ್ಟುಕೊಂಡವರು ಜಾಣರು. ಇಷ್ಟೆಲ್ಲಾ ಇಷ್ಟಪಟ್ಟು ತಿನ್ನುವ ನಾವು ಮನೆಯಲ್ಲಿ ಮಾತ್ರ ಇದನ್ನು ಮಾಡಲು ಹೋಗುವುದಿಲ್ಲ, ಅದೆಲ್ಲಾ ಅಡುಗೆ ಭಟ್ಟರ ಕೆಲಸ ಅಂದುಕೊಂಡುಬಿಟ್ಟಿದ್ದೇವೆ. ಒಬ್ಬಟ್ಟು ಮಾಡಲು ಬರುವವರಿಗೆ ಚಿರೋಟಿ ಖಂಡಿತಾ ಬರುತ್ತದೆ. ಒಬ್ಬಟ್ಟಿನಲ್ಲಿ ಹೂರಣ ಹೊರಗೆ ಬರುವ ಭಯ ಇರುತ್ತದೆ, ಇಲ್ಲಿ ಅದೂ ಇಲ್ಲ. ಒಂದು ಮಧ್ಯಾಹ್ನದ ಪುರುಸೊತ್ತು, ಹಗುರ ಕೈ, ಸಣ್ಣ ಉರಿ ಇದ್ದರೆ ಸಾಕು.

ಮೊದಲು ರವೆ ವಿಷಯ. ಚಿರೋಟಿ ರವೆಯೇ ಬೇಕು. ನಮ್ಮ ಕಡೆ ಯಾವ ದಿನಸಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ಮುಟ್ಟಿದರೆ ಸಣ್ಣ ಮರಳಿಗಿಂತ ನುಣುಪು, ಮೈದಾಕ್ಕಿಂತ ಸ್ವಲ್ಪ ತರಿ. ಉಪ್ಪಿಟ್ಟಿನ ರವೆ, ಬನ್ಸಿ ರವೆ ಬೇಡ, ಅದರಲ್ಲಿ ಕಣಕ ತೆಳ್ಳಗೆ ಎಳೆಯುವುದಿಲ್ಲ, ಲಟ್ಟಿಸುವಾಗ ಹರಿಯುತ್ತದೆ. ಹೊರದೇಶದಲ್ಲಿದ್ದು ಚಿರೋಟಿ ರವೆ ಸಿಗದಿದ್ದರೆ ಸಿಕ್ಕ ಸಣ್ಣ ರವೆಯನ್ನೇ ಒಣ ಮಿಕ್ಸಿ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಬಳಸಿ. ಪೂರ್ತಿ ಮೈದಾದಲ್ಲೂ ಮಾಡುವವರಿದ್ದಾರೆ. ಆಗುತ್ತದೆ, ಆದರೆ ಆರಿದ ಮೇಲೆ ನಾರುನಾರಾಗಿ ಬರುತ್ತದೆ. ಬಾಯಲ್ಲಿ ಮುರಿಯುವ ಆ ಗರಿಗರಿ ರವೆಯಿಂದಲೇ ಬರಬೇಕು.

ಹದಿನೈದು ಹದಿನಾರು ಚಿರೋಟಿಗೆ ಒಂದು ಕಪ್ ಚಿರೋಟಿ ರವೆ, ಅರ್ಧ ಕಪ್ ಮೈದಾ, ಎರಡು ದೊಡ್ಡ ಚಮಚ ತುಪ್ಪ, ಚಿಟಿಕೆ ಉಪ್ಪು, ಕಲಸಲು ಸುಮಾರು ಅರ್ಧ ಕಪ್ ನೀರು. ಪದರದ ನಡುವೆ ಹಚ್ಚಲು ಬೇರೆಯಾಗಿ ಮೂರು ದೊಡ್ಡ ಚಮಚ ಗಟ್ಟಿ ತುಪ್ಪ, ಮೂರು ದೊಡ್ಡ ಚಮಚ ನುಣ್ಣನೆಯ ಅಕ್ಕಿಹಿಟ್ಟು. ಕರಿಯಲು ಎಣ್ಣೆ. ಮೇಲಕ್ಕೆ ಒಂದು ಕಪ್ ಸಕ್ಕರೆ, ನಾಲ್ಕು ಏಲಕ್ಕಿ.

ರವೆ, ಮೈದಾ, ಉಪ್ಪು ಬೆರೆಸಿ, ತುಪ್ಪವನ್ನು ಚೆನ್ನಾಗಿ ಬಿಸಿ ಮಾಡಿ ಅದರ ಮೇಲೆ ಸುರಿಯಿರಿ. ಚುರ್ ಅನ್ನಬೇಕು. ಚಮಚದಲ್ಲಿ ಕಲಕಿ, ಬಿಸಿ ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಂತರೆ ತುಪ್ಪ ಸರಿಯಾಗಿದೆ ಎಂದರ್ಥ. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಚಪಾತಿ ಹಿಟ್ಟಿನಷ್ಟು ಮೆತ್ತಗಿದ್ದರೂ ಈಗ ಪರವಾಗಿಲ್ಲ, ಏಕೆಂದರೆ ರವೆ ನೆನೆಯುತ್ತಾ ನೀರು ಕುಡಿದು ತಾನೇ ಗಟ್ಟಿಯಾಗುತ್ತದೆ. ಈಗಲೇ ಪೂರಿ ಹಿಟ್ಟಿನ ಹಾಗೆ ಗಟ್ಟಿ ಕಲಸಿಬಿಟ್ಟರೆ ಒಂದು ಗಂಟೆ ಬಿಟ್ಟು ಲಟ್ಟಿಸಲು ಕೂತಾಗ ತೋಳು ನೋವು ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಡಿ.

ಆ ಒಂದು ಗಂಟೆ ಆದ ಮೇಲೆ ಮಾಡುವ ಕೆಲಸವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕಣಕವನ್ನು ಮತ್ತೆ ನಾದಬೇಕು, ಚೆನ್ನಾಗಿ, ಹತ್ತು ನಿಮಿಷ. ಹಿಂದೆ ಇದನ್ನು ಒರಳಿನಲ್ಲಿ ಹಾಕಿ, ಕೈಗೆ ಎಣ್ಣೆ ಸವರಿಕೊಂಡು ಕುಟ್ಟುತ್ತಿದ್ದರು. ಈಗ ಒರಳು ಎಲ್ಲರ ಮನೆಯಲ್ಲಿ ಇಲ್ಲ, ಇದ್ದರೂ ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕೂತಿರುತ್ತದೆ. ಅಡುಗೆ ಕಟ್ಟೆಯ ಮೇಲೆ ಅರ್ಧ ಚಮಚ ತುಪ್ಪ ಹಾಕಿ, ಅಂಗೈಯ ಬುಡದಲ್ಲಿ ಒತ್ತಿ ತಳ್ಳಿ ಮಡಚಿ, ಮತ್ತೆ ಒತ್ತಿ ತಳ್ಳಿ ಮಡಚಿ ನಾದಿದರೂ ಅಷ್ಟೇ ಚೆನ್ನಾಗಿ ಬರುತ್ತದೆ. ಮೊದಲು ತರಿತರಿ ಇದ್ದ ಕಣಕ ನೋಡನೋಡುತ್ತಾ ನುಣುಪಾಗುತ್ತದೆ, ಎಳೆದರೆ ತಕ್ಷಣ ಹರಿಯದೆ ಸ್ವಲ್ಪ ಹಿಗ್ಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಇನ್ನು ಸಾಟಿ. ಪದರಗಳ ನಡುವೆ ಹಚ್ಚುವ ತುಪ್ಪ, ಅಕ್ಕಿಹಿಟ್ಟಿನ ಮಿಶ್ರಣಕ್ಕೆ ಹೀಗನ್ನುತ್ತಾರೆ. ಬರೀ ತುಪ್ಪ ಹಚ್ಚಿದರೆ ಸಾಲದಾ? ಸಾಲದು. ಬರೀ ತುಪ್ಪ ನಮ್ಮ ಸೆಕೆಗೆ ಕರಗಿ ಅರ್ಧ ಕಣಕದೊಳಗೆ ಇಳಿಯುತ್ತದೆ, ಇನ್ನರ್ಧ ಸುರುಳಿ ಸುತ್ತುವಾಗ ಅಂಚಿನಿಂದ ಹೊರಗೆ ಬರುತ್ತದೆ. ಆಮೇಲೆ ಪದರಕ್ಕೆ ಪದರ ಅಂಟಿಕೊಂಡು ಒಂದೇ ಮುದ್ದೆ. ಅಕ್ಕಿಹಿಟ್ಟು ಆ ತುಪ್ಪವನ್ನು ಇದ್ದ ಜಾಗದಲ್ಲೇ ಹಿಡಿದಿಡುತ್ತದೆ. ಎಣ್ಣೆಗೆ ಬಿದ್ದಾಗ ಕಣಕದಲ್ಲಿರುವ ನೀರು ಹಬೆಯಾಗಿ ಹೊರಗೆ ಬರಲು ನೋಡುತ್ತದೆ, ನಡುವೆ ತುಪ್ಪ ಇರುವ ಕಡೆ ಕಣಕ ಅಂಟಿಕೊಂಡಿರುವುದಿಲ್ಲವಲ್ಲ, ಅಲ್ಲೇ ಬಿಚ್ಚಿಕೊಳ್ಳುತ್ತದೆ. ಯುರೋಪಿನವರು ಕ್ರೋಸಾಂ ಅನ್ನುವ ಪದರ ಪದರದ ಬನ್ನಿಗೆ ತಣ್ಣನೆ ಬೆಣ್ಣೆ ಇಟ್ಟು ಮಡಚುವುದೂ ಇದೇ ಲೆಕ್ಕಕ್ಕೆ. ಅವರಿಗೆ ಚಳಿ ಇದೆ, ನಮಗೆ ಅಕ್ಕಿಹಿಟ್ಟು ಇದೆ.

ಸಾಟಿಗೆ ತುಪ್ಪ ಹರಳುಗಟ್ಟಿ ಗಟ್ಟಿಯಾಗಿರಬೇಕು, ಕರಗಿದ್ದರೆ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಡಿ. ಅಗಲವಾದ ತಟ್ಟೆಗೆ ಹಾಕಿ ಬೆರಳುಗಳಿಂದ ಒಂದೇ ದಿಕ್ಕಿಗೆ ಉಜ್ಜುತ್ತಾ ಹೋಗಿ. ಬೆಳ್ಳಗಾಗಿ ಹಗುರಾಗುತ್ತದೆ. ಆಗ ಅಕ್ಕಿಹಿಟ್ಟು ಸೇರಿಸಿ ಮತ್ತೆ ಉಜ್ಜಿ. ಚೂರು ತೆಗೆದು ನೀರಿಗೆ ಹಾಕಿದರೆ ತೇಲಬೇಕು. ಮುಳುಗಿದರೆ ಇನ್ನೂ ಉಜ್ಜಬೇಕು ಅಂತ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾಡುವವರು ತಟ್ಟೆಯನ್ನು ಐಸ್ ನೀರಿನ ಪಾತ್ರೆಯ ಮೇಲಿಟ್ಟುಕೊಂಡು ಉಜ್ಜಿದರೆ ಒಳ್ಳೆಯದು.

ತುಪ್ಪದ ಬದಲು ಡಾಲ್ಡಾ ಹಾಕಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ವನಸ್ಪತಿ ಸೆಕೆಯಲ್ಲೂ ಬೇಗ ಕರಗುವುದಿಲ್ಲ, ಹಾಗಾಗಿ ಪದರ ನಿಜಕ್ಕೂ ಚೆನ್ನಾಗಿ ಬಿಡುತ್ತದೆ, ಬಣ್ಣವೂ ಬೆಳ್ಳಗೆ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಅಂತ ನಿಯಮವೂ ಬಂದಿದೆ. ಆದರೂ ತಿಂದ ಮೇಲೆ ಅಂಗುಳಿಗೆ ಮೇಣ ಅಂಟಿದ ಹಾಗಿರುತ್ತದೆ. ಮನೆಯಲ್ಲಿ ಮಾಡುವಾಗ ಅದ್ಯಾಕೆ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಣಕವನ್ನು ಆರು ಉಂಡೆ ಮಾಡಿ. ಒಂದೊಂದನ್ನೂ ಎಂಟು ಒಂಬತ್ತು ಅಂಗುಲ ಅಗಲಕ್ಕೆ ಲಟ್ಟಿಸಿ, ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ. ಈ ಹಂತದಲ್ಲಿ ಎಷ್ಟು ಬೇಕಾದರೂ ಒತ್ತಿ ಲಟ್ಟಿಸಬಹುದು. ಹಿಟ್ಟು ಉದುರಿಸುವುದು ಆದಷ್ಟೂ ಕಡಿಮೆ ಇರಲಿ, ಹೆಚ್ಚಾದರೆ ಎಣ್ಣೆಯೆಲ್ಲಾ ಗಸಿ. ಒಂದು ಹಾಳೆ ಹಾಸಿ, ಮೇಲೆ ಸಾಟಿಯನ್ನು ತೆಳ್ಳಗೆ ಅಂಚಿನವರೆಗೂ ಸವರಿ. ಅದರ ಮೇಲೆ ಇನ್ನೊಂದು ಹಾಳೆ, ಮತ್ತೆ ಸಾಟಿ. ಮೂರನೆಯದು, ಮತ್ತೆ ಸಾಟಿ. ಈಗ ಒಂದು ಕಡೆಯಿಂದ ಬಿಗಿಯಾಗಿ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬನ್ನಿ. ಒಳಗೆ ಗಾಳಿ ಉಳಿಯಬಾರದು. ಕೊನೆಯ ಅಂಚಿಗೆ ಬೆರಳಲ್ಲಿ ಒಂದಿಷ್ಟು ನೀರು ಸವರಿ ಅಂಟಿಸಿ, ಇಲ್ಲದಿದ್ದರೆ ಬಾಣಲೆಯಲ್ಲಿ ಬಿಚ್ಚಿಕೊಂಡು ಬಾಲ ಬೀಸುತ್ತಾ ತೇಲುತ್ತದೆ. ಉಳಿದ ಮೂರು ಉಂಡೆಯಿಂದ ಇನ್ನೊಂದು ಸುರುಳಿ. ಎರಡನ್ನೂ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಕತ್ತರಿಸಲು ಸಲೀಸು.

ಸುರುಳಿಯನ್ನು ಒಂದೊಂದು ಅಂಗುಲಕ್ಕೆ ಕತ್ತರಿಸಿ. ಮೊಂಡು ಚಾಕು ಒತ್ತಿದರೆ ಪದರಗಳ ಬಾಯಿ ಮುಚ್ಚಿಹೋಗುತ್ತದೆ. ಹರಿತ ಚಾಕು ಇಲ್ಲದಿದ್ದರೆ ಹೊಲಿಗೆ ದಾರ ಸಾಕು: ಸುರುಳಿಯ ಕೆಳಗೆ ತೂರಿಸಿ, ಮೇಲೆ ತಂದು ಅಡ್ಡಹಾಯಿಸಿ ಎರಡೂ ತುದಿ ಎಳೆಯಿರಿ. ಚಾಕುವಿಗಿಂತ ಚೆಂದ ಬರುತ್ತದೆ.

ಈಗ ಬರುವುದು ನಿಜವಾದ ಕೆಲಸ. ಚಿರೋಟಿ ಚಿರೋಟಿಯಾಗುವುದು ಅಥವಾ ದಪ್ಪ ಪೂರಿಯಾಗುವುದು ಈ ಕೊನೆಯ ಲಟ್ಟಿಸುವಿಕೆಯಲ್ಲೇ ತೀರ್ಮಾನವಾಗುತ್ತದೆ. ಕತ್ತರಿಸಿದ ತುಂಡಿನ ಸುರುಳಿ ಕಾಣುವ ಮುಖ ಮೇಲೆ ಬರುವಂತೆ ಮಣೆಯ ಮೇಲಿಡಿ. ಅಂಗೈಯಿಂದ ಮೆಲ್ಲಗೆ ಒತ್ತಿ. ಲಟ್ಟಣಿಗೆಯನ್ನು ನಡುವಿನಿಂದ ಅಂಚಿನ ಕಡೆಗೆ ಮಾತ್ರ ಉರುಳಿಸಿ, ಹಿಂದೆ ಮುಂದೆ ಉಜ್ಜಬೇಡಿ. ಒಂದು ಸಲ ಉರುಳಿಸಿ, ತುಂಡನ್ನು ಸ್ವಲ್ಪ ತಿರುಗಿಸಿ, ಮತ್ತೆ ಒಂದು ಸಲ. ಮಗುಚಿ ಹಾಕುವುದು ಬೇಡ. ನಾಲ್ಕು ಅಂಗುಲ ಅಗಲಕ್ಕೆ ಬಂದು, ಪೂರಿಗಿಂತ ತುಸು ದಪ್ಪ ಇರುವಾಗಲೇ ನಿಲ್ಲಿಸಿ. ಮೇಲಿನ ಸುತ್ತುಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಲೇ ಇರಬೇಕು. ಕಾಣುತ್ತಿಲ್ಲ ಅಂದರೆ ಸಾಟಿ ಹಿಂಡಿಹೋಗಿದೆ, ಅದು ಇನ್ನು ಬಿಚ್ಚುವುದಿಲ್ಲ. ಇನ್ನೊಂಚೂರು ಅಗಲ ಮಾಡೋಣ ಅನಿಸುತ್ತದೆ, ಎಲ್ಲರಿಗೂ ಅನಿಸುತ್ತದೆ, ಕೈ ತಡೆದುಕೊಳ್ಳಿ. ಮಣೆಗೆ ಅಂಟಿದರೆ ಹಿಟ್ಟಿನ ಬದಲು ಒಂದು ಹನಿ ತುಪ್ಪ ಸವರಿ. ಲಟ್ಟಿಸಿದ್ದನ್ನು ಒಂದರ ಮೇಲೊಂದು ಪೇರಿಸಬೇಡಿ, ಬಟ್ಟೆ ಮುಚ್ಚಿ ಬಿಡಿಬಿಡಿಯಾಗಿ ಇಡಿ.

ಬಾಣಲೆಯಲ್ಲಿ ಎರಡು ಮೂರು ಅಂಗುಲ ಎಣ್ಣೆ ಇರಲಿ. ಸೂರ್ಯಕಾಂತಿ ಎಣ್ಣೆ ಸಾಕು, ಘಮಕ್ಕೆ ಎರಡು ಚಮಚ ತುಪ್ಪ ಸೇರಿಸಬಹುದು. ಪೂರಿಗೆ ಕಾಯಿಸುವಷ್ಟು ಕಾಯಿಸಬೇಡಿ. ಸಾಸಿವೆಯಷ್ಟು ಕಣಕ ಹಾಕಿದರೆ ತಕ್ಷಣ ಚಿಮ್ಮಿ ಮೇಲೆ ಬರಬಾರದು, ತಳದಲ್ಲಿ ಒಂದು ಕ್ಷಣ ನಿಂತು ಸಣ್ಣ ಗುಳ್ಳೆ ಬಿಡುತ್ತಾ ನಿಧಾನವಾಗಿ ಏಳಬೇಕು. ಥರ್ಮಾಮೀಟರ್ ಇದ್ದರೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸುರುಳಿ ಮುಖ ಮೇಲಿರುವಂತೆ ಒಂದು ಚಿರೋಟಿ ಜಾರಿಸಿ. ತೇಲಿದ ಕೂಡಲೇ ಸೌಟಿನಿಂದ ಬಿಸಿ ಎಣ್ಣೆ ತೆಗೆದು ಅದರ ನಡುವಿಗೆ ಸಣ್ಣ ಧಾರೆಯಾಗಿ ಹಾಕುತ್ತಾ ಇರಿ. ಪದರ ಒಂದೊಂದಾಗಿ ಅರಳುವುದು ಕಾಣುತ್ತದೆ. ಇದನ್ನು ನೋಡುವುದಕ್ಕೆ ಮಕ್ಕಳು ಅಡುಗೆಮನೆಗೆ ಬಂದೇ ಬರುತ್ತಾರೆ, ಎಣ್ಣೆಯಿಂದ ದೂರ ನಿಲ್ಲಿಸಿ. ಎರಡು ನಿಮಿಷ ಆದ ಮೇಲೆ ಮೆಲ್ಲಗೆ ಒಮ್ಮೆ ಮಗುಚಿ, ಇನ್ನೊಂದು ನಿಮಿಷ. ಕೆಂಪಗೆ ಮಾಡಲು ಹೋಗಬೇಡಿ. ಒಳ್ಳೆಯ ಚಿರೋಟಿ ಕೆನೆ ಬಣ್ಣದಲ್ಲೇ ಇದ್ದು ಒಳಗಿನವರೆಗೂ ಗರಿಯಾಗಿರುತ್ತದೆ.

ತೆಗೆದದ್ದನ್ನು ಕಾಗದದ ಮೇಲೆ ಮಲಗಿಸಬೇಡಿ. ತೂತಿನ ಪಾತ್ರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ ಇಟ್ಟರೂ ಸರಿ. ಪದರಗಳ ನಡುವೆ ಸಿಕ್ಕಿಕೊಂಡಿರುವ ಎಣ್ಣೆ ಇಳಿಯಲು ಅದೊಂದೇ ದಾರಿ.

ಮೊದಲ ಒಂದೆರಡನ್ನು ಕರಿದಾಗಲೇ ಏನು ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಪದರವೇ ಬಿಡಲಿಲ್ಲವೆಂದರೆ ಎಣ್ಣೆ ಜಾಸ್ತಿ ಕಾದಿದೆ ಅಥವಾ ಲಟ್ಟಿಸುವಾಗ ಕೈ ಭಾರವಾಯಿತು. ಎಣ್ಣೆಯಲ್ಲಿ ಬಿಡಿಬಿಡಿಯಾಗಿ ಉದುರಿಹೋದರೆ ಎಣ್ಣೆ ಇನ್ನೂ ಕಾದಿಲ್ಲ, ಅಥವಾ ಸಾಟಿ ಹೆಚ್ಚಾಗಿ ಸುರುಳಿ ಸಡಿಲವಾಗಿದೆ. ಹೊರಗೆ ಗರಿಗರಿ, ಆರಿದ ಮೇಲೆ ನಡುವೆ ಮೆತ್ತಗೆ ಅಂದರೆ ಉರಿ ದೊಡ್ಡದಿತ್ತು, ಒಳಗಿನ ನೀರು ಹೋಗಲು ಸಮಯ ಸಿಗಲಿಲ್ಲ. ಉರಿ ತಗ್ಗಿಸಿ ಮುಂದುವರಿಸಿ, ಅಷ್ಟೇ.

ಸಕ್ಕರೆಯನ್ನು ಏಲಕ್ಕಿ ಜೊತೆ ನುಣ್ಣಗೆ ಪುಡಿ ಮಾಡಿ, ಚಿರೋಟಿ ಬೆಚ್ಚಗಿರುವಾಗ ಉದುರಿಸಿ. ಬಿಸಿ ಬಿಸಿ ಇರುವಾಗ ಹಾಕಿದರೆ ಕರಗಿ ಅಂಟಂಟಾಗುತ್ತದೆ, ಪೂರ್ತಿ ತಣ್ಣಗಾದರೆ ಹಿಡಿಯದೆ ಜಾರಿಹೋಗುತ್ತದೆ. ಬಾದಾಮಿ ಹಾಲಿಗೆ ಇಪ್ಪತ್ತು ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ತೆಗೆದು, ಹಾಲು ಹಾಕಿ ರುಬ್ಬಿ, ಅರ್ಧ ಲೀಟರ್ ಹಾಲಿನಲ್ಲಿ ಕೇಸರಿ ಜೊತೆ ಹತ್ತು ನಿಮಿಷ ಕುದಿಸಿ. ಸಕ್ಕರೆ ಕಡಿಮೆ ಇರಲಿ, ಮೇಲೆ ಪುಡಿ ಇದೆ ಅಲ್ವಾ. ಅಂಗಡಿಯ ಬಾದಾಮಿ ಪುಡಿ ಕದಡಿದರೂ ಯಾರೂ ಜಗಳಕ್ಕೆ ಬರುವುದಿಲ್ಲ. ಹಾಲನ್ನು ತಿನ್ನುವ ಹೊತ್ತಿಗೆ, ಎಲೆಯ ಮೇಲೇ ಹಾಕಬೇಕು.

ಹಾಲು ಬೇಡ ಅನ್ನುವವರಿಗೆ ಪಾಕದ ಚಿರೋಟಿ ಇದೆ. ಸಕ್ಕರೆ ಪಾಕ ಒಂದೆಳೆ ದಾಟಿ ಎರಡೆಳೆಗೆ ಬರುವ ಹೊತ್ತಿಗೆ ನಾಲ್ಕು ಹನಿ ನಿಂಬೆರಸ ಹಾಕಿ, ಆರಿದ ಚಿರೋಟಿಯನ್ನು ಅದ್ದಿ ತಕ್ಷಣ ತೆಗೆದು ನಿಲ್ಲಿಸಿ. ಮಹಾರಾಷ್ಟ್ರದವರು ದೀಪಾವಳಿಗೆ ಮಾಡುವ ಚಿರೋಟೆಯಲ್ಲಿ ಒಂದು ಹಾಳೆಗೆ ಗುಲಾಬಿ ಬಣ್ಣ ಕಲಸುವುದುಂಟು, ಅರಳಿದಾಗ ನೋಡಲು ಚೆಂದ. ಆಂಧ್ರದ ತಾಪೇಶ್ವರಂನ ಮಡತ ಕಾಜಾ, 2018ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬಿಹಾರದ ಸಿಲಾವ್ ಖಾಜಾ ಎಲ್ಲಾ ಇದೇ ಬಳಗದವು, ಪದರ ಕಟ್ಟಿ ಕರಿದು ಪಾಕಕ್ಕೆ ಹಾಕುವಂಥವು. ಒಮ್ಮೆ ಸಾಟಿ, ಸುರುಳಿ ಕೈಗೆ ಹತ್ತಿದರೆ ಅವೂ ದೂರವಿಲ್ಲ.

ಕರಿದ ಚಿರೋಟಿ ಗಾಳಿಯಾಡದ ಡಬ್ಬದಲ್ಲಿ ವಾರ ಹತ್ತು ದಿನ ಚೆನ್ನಾಗಿರುತ್ತದೆ, ಸಕ್ಕರೆ ಹಾಕದೇ ಇಟ್ಟರೆ ಮಾತ್ರ. ಮಳೆಗಾಲದಲ್ಲಿ ಮೆತ್ತಗಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಐದಾರು ನಿಮಿಷ ಇಟ್ಟು ತೆಗೆದು ಆರಲು ಬಿಡಿ, ಮತ್ತೆ ಗರಿಯಾಗುತ್ತದೆ. ಸುರುಳಿಯ ಎರಡು ತುದಿಯ ಸೊಟ್ಟ ತುಂಡುಗಳನ್ನು ಎಸೆಯಬೇಡಿ, ಹಾಗೇ ಕರಿದು ಉಪ್ಪು ಖಾರ ಉದುರಿಸಿ, ಕಾಫಿ ಜೊತೆಗೆ ಆಯಿತು.