ಡೈರೆಕ್ಟರಿ ನಡೆಸುತ್ತ ಟೆಕ್ ಕಂಪನಿಗಳ ಬಗ್ಗೆ ಬರೆಯುವುದು: ನನ್ನ ಅನುಭವ

ಜಾಲತಾಣಗಳನ್ನು ವಿಷಯವಾರು ವಿಂಗಡಿಸಿ, ಒಂದೊಂದಕ್ಕೂ ಎರಡು ಸಾಲಿನ ವಿವರಣೆ ಬರೆದು ಪಟ್ಟಿ ಮಾಡುವ ಡೈರೆಕ್ಟರಿಯೊಂದನ್ನು ನಾನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಅದರಲ್ಲಿರುವುದು ಬಹುಪಾಲು ತಂತ್ರಜ್ಞಾನ ಕಂಪನಿಗಳು, ಅವುಗಳ ಸೇವೆಗಳು ಮತ್ತು ತಂತ್ರಾಂಶಗಳು. ಅದೇ ತಾಣದಲ್ಲಿ ಆ ಕಂಪನಿಗಳ ನಡೆಗಳ ಕುರಿತು ಟಿಪ್ಪಣಿಗಳನ್ನೂ ಬರೆಯುತ್ತೇನೆ. ಈ ಎರಡು ಕೆಲಸಗಳು ಒಂದೇ ಕೈಯಲ್ಲಿ ಇರಬಾರದು, ಪಟ್ಟಿಗೆ ಸೇರಿಸುವವರೇ ವಿಮರ್ಶೆಗೂ ಇಳಿದರೆ ಎರಡರ ಮೇಲೂ ಓದುಗರಿಗೆ ಅನುಮಾನ ಬರುತ್ತದೆ ಎಂದು ವಾದಿಸುವವರಿದ್ದಾರೆ. ನಾನು ಕಂಡುಕೊಂಡದ್ದು ಬೇರೆ. ಪಟ್ಟಿಯನ್ನು ನಿಷ್ಠೆಯಿಂದ ನೋಡಿಕೊಳ್ಳುವ ದಿನನಿತ್ಯದ ದುಡಿಮೆಯೇ ಟಿಪ್ಪಣಿಗೆ ಬೇಕಾದ ಆಧಾರವನ್ನು ಒದಗಿಸುತ್ತದೆ. ಹಣದ ವಿಷಯದಲ್ಲಿ ಮಾತ್ರ ಗಟ್ಟಿಯಾದ ಗೆರೆಯೊಂದನ್ನು ಎಳೆದುಕೊಂಡು, ಅದನ್ನು ದಾಟದೆ ಇರಬೇಕಾಗುತ್ತದೆ.

ಸರ್ಚ್ ಎಂಜಿನ್‌ಗಳು ಇಷ್ಟು ಬಲವಾಗಿರುವಾಗ ಡೈರೆಕ್ಟರಿ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜವಾದದ್ದೇ. ಈ ಕ್ಷೇತ್ರದ ಚರಿತ್ರೆಯೂ ಆ ಪ್ರಶ್ನೆಗೆ ಬಲ ಕೊಡುತ್ತದೆ. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ತಮಗೆ ಇಷ್ಟವಾದ ತಾಣಗಳನ್ನು ಪಟ್ಟಿ ಮಾಡುತ್ತ ಹೋದದ್ದು ಯಾಹೂ ಆಯಿತು. 1998ರಲ್ಲಿ ಆರಂಭವಾಗಿ ಅದೇ ವರ್ಷ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಪಾಲಾದ ಓಪನ್ ಡೈರೆಕ್ಟರಿ, ಅಂದರೆ ಡಿಮೋಜ್, ಸ್ವಯಂಸೇವಕ ಸಂಪಾದಕರ ದುಡಿಮೆಯಿಂದ ಹತ್ತಾರು ಲಕ್ಷ ತಾಣಗಳವರೆಗೆ ಬೆಳೆಯಿತು. ಗೂಗಲ್ ಕೂಡ ಕೆಲಕಾಲ ಅದರ ದತ್ತಾಂಶವನ್ನೇ ಬಳಸಿಕೊಂಡು ತನ್ನದೊಂದು ಡೈರೆಕ್ಟರಿ ನಡೆಸಿತ್ತು. ಯಾಹೂ ತನ್ನ ಡೈರೆಕ್ಟರಿಯನ್ನು 2014ರ ಕೊನೆಯಲ್ಲಿ ಮುಚ್ಚಿತು, ಡಿಮೋಜ್ 2017ರ ಮಾರ್ಚ್‌ನಲ್ಲಿ ನಿಂತಿತು. ಇಡೀ ವೆಬ್ಬನ್ನೇ ಮನುಷ್ಯರ ಕೈಯಿಂದ ವರ್ಗೀಕರಿಸುತ್ತೇವೆಂಬ ಹಂಬಲ ವೆಬ್ಬಿನ ಬೆಳವಣಿಗೆಯ ಮುಂದೆ ನಿಲ್ಲುವುದು ಸಾಧ್ಯವಿರಲಿಲ್ಲ. ಆದ್ದರಿಂದ ನಾನು ನನ್ನ ಕಣ್ಣಳತೆಗೆ ಸಿಗುವಷ್ಟು ಕ್ಷೇತ್ರವನ್ನೇ ಆರಿಸಿಕೊಂಡೆ. ಪಟ್ಟಿಯಲ್ಲಿರುವ ಪ್ರತಿ ತಾಣವನ್ನು ನಾನೇ ತೆರೆದು ನೋಡಿ, ಮತ್ತೆ ನೋಡಲು ಸಾಧ್ಯವಾಗುವಷ್ಟು ಮಾತ್ರ ಅದು ಬೆಳೆಯಬೇಕು ಎಂಬುದು ನಾನು ಇಟ್ಟುಕೊಂಡ ಮಿತಿ.

ವರ್ಗೀಕರಣದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಕಂಪನಿ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂಬುದನ್ನು ಬದಿಗಿಟ್ಟು, ಅದಕ್ಕೆ ಹಣ ಯಾರಿಂದ ಮತ್ತು ಯಾವುದಕ್ಕಾಗಿ ಬರುತ್ತದೆ ಎಂದು ನೋಡುವುದು. ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಾಬೆಟ್‌ನ ವರಮಾನದಲ್ಲಿ ಸುಮಾರು ಮುಕ್ಕಾಲು ಪಾಲು ಜಾಹೀರಾತಿನಿಂದ ಬರುತ್ತದೆ. ಅಮೆಜಾನ್ ಎಂದರೆ ಎಲ್ಲರ ಮನಸ್ಸಿಗೆ ಬರುವುದು ಆನ್‌ಲೈನ್ ಅಂಗಡಿ, ಆದರೆ 2024ರಲ್ಲಿ ಅದರ ನಿರ್ವಹಣಾ ಲಾಭದ ಅರ್ಧಕ್ಕಿಂತ ಹೆಚ್ಚನ್ನು ತಂದುಕೊಟ್ಟದ್ದು ಇತರರಿಗೆ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ವಿಭಾಗ. ಇಂಥ ಕಂಪನಿಯ ಮುಖ್ಯ ನಮೂದನ್ನು ಒಂದು ವಿಭಾಗದಲ್ಲಿಟ್ಟು, ಉಳಿದ ವಿಭಾಗಗಳಿಂದ ಅಲ್ಲಿಗೆ ಅಡ್ಡಕೊಂಡಿ ಹಾಕುತ್ತೇನೆ. ಹಳೆಯ ಡೈರೆಕ್ಟರಿಗಳು ವಿಭಾಗದ ಹೆಸರಿನ ಕೊನೆಗೆ ಹಾಕುತ್ತಿದ್ದ ‘@’ ಗುರುತು ಈ ಕೆಲಸವನ್ನೇ ಮಾಡುತ್ತಿತ್ತು. ಯಾವ ವಿಭಾಗ ಮುಖ್ಯ ಎಂದು ತೀರ್ಮಾನಿಸಲು ಕುಳಿತಾಗಲೇ ಎಷ್ಟೋ ಸಲ ಮುಂದಿನ ಟಿಪ್ಪಣಿಯ ವಿಷಯ ಹೊಳೆದಿದೆ.

ವಿವರಣೆ ಬರೆಯುವುದು ಹೊರಗಿನಿಂದ ಕಾಣುವುದಕ್ಕಿಂತ ಬಹಳ ಕಷ್ಟದ ಕೆಲಸ. ಸೇರ್ಪಡೆಗೆ ಬರುವ ಅರ್ಜಿಗಳಲ್ಲಿ ಕಂಪನಿಗಳೇ ಬರೆದು ಕಳಿಸುವ ಸಾಲುಗಳು ಹೀಗಿರುತ್ತವೆ: ‘ಕೃತಕ ಬುದ್ಧಿಮತ್ತೆಯ ಬಲದಿಂದ ವ್ಯವಹಾರಗಳ ನಾಳೆಯನ್ನು ರೂಪಿಸುವ, ಜಗತ್ತಿನ ಅತ್ಯಂತ ವಿಶ್ವಾಸಾರ್ಹ ಸಮಗ್ರ ವೇದಿಕೆ.’ ಇದನ್ನು ಓದಿದವರಿಗೆ ಅಲ್ಲಿ ಏನು ಸಿಗುತ್ತದೆಂದು ತಿಳಿಯುವುದಿಲ್ಲ. ನಾನು ಬೆಲೆಯ ಪುಟ, ಸಹಾಯದ ಪುಟ ಮತ್ತು ಬಳಕೆಯ ಷರತ್ತುಗಳನ್ನು ಓದಿ, ಸಾಧ್ಯವಾದರೆ ಖಾತೆ ತೆರೆದು ಬಳಸಿ ನೋಡಿ, ನಂತರ ಬರೆಯುತ್ತೇನೆ: ‘ಸಣ್ಣ ವ್ಯಾಪಾರಿಗಳಿಗೆ ಬಿಲ್ ತಯಾರಿಸಿ ಬಾಕಿ ವಸೂಲಿಯ ಲೆಕ್ಕ ಇಡುವ ತಂತ್ರಾಂಶ. ತಿಂಗಳ ಚಂದಾ; ಉಚಿತ ಖಾತೆಯಲ್ಲಿ ಬಿಲ್‌ಗಳ ಸಂಖ್ಯೆಗೆ ಮಿತಿ ಇದೆ; ಖಾತೆ ಮುಚ್ಚುವಾಗ ಎಲ್ಲ ದಾಖಲೆಗಳನ್ನು ಇಳಿಸಿಕೊಳ್ಳಬಹುದು.’ ಅತ್ಯುತ್ತಮ, ಕ್ರಾಂತಿಕಾರಿ, ಮುಂಚೂಣಿಯ ಎಂಬಂಥ ವಿಶೇಷಣಗಳಿಗೆ ಇಲ್ಲಿ ಜಾಗವಿಲ್ಲ. ದತ್ತಾಂಶವನ್ನು ಹೊರತೆಗೆಯಲು ಬರುತ್ತದೆಯೇ ಎಂಬ ಅಂಶವನ್ನು ಮಾತ್ರ ನಾನು ಎಂದಿಗೂ ಬಿಡುವುದಿಲ್ಲ, ಏಕೆಂದರೆ ಸೇವೆ ನಿಂತುಹೋಗುವ ದಿನ ಬಳಕೆದಾರರಿಗೆ ಮುಖ್ಯವಾಗುವುದು ಅದೊಂದೇ.

ಸತ್ತ ಕೊಂಡಿಗಳ ವಿಷಯಕ್ಕೆ ಬಂದರೆ, ಡೈರೆಕ್ಟರಿಯ ಮಾನ ಉಳಿಯುವುದೂ ಹೋಗುವುದೂ ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಕೊಂಡಿ ತಪಾಸಕ, ಅಂದರೆ ಕೊಂಡಿಗಳನ್ನು ತಾನೇ ಪರೀಕ್ಷಿಸುವ ತಂತ್ರಾಂಶ, ಪ್ರತಿ ವಿಳಾಸಕ್ಕೂ ಮೊದಲು ಪುಟವನ್ನು ಬಿಟ್ಟು ಅದರ ಸ್ಥಿತಿಯನ್ನಷ್ಟೇ ಕೇಳುವ ‘ಹೆಡ್’ ಕೋರಿಕೆ ಕಳಿಸುತ್ತದೆ. ಸರ್ವರ್ ಒಂದು ಸಂಕೇತ ಸಂಖ್ಯೆಯಿಂದ ಉತ್ತರಿಸುತ್ತದೆ. ಕೆಲವು ಸರ್ವರ್‌ಗಳು ಅದನ್ನು 405 ಎಂದು ತಿರಸ್ಕರಿಸುವುದರಿಂದ ಅಂಥ ಕಡೆ ಇಡೀ ಪುಟವನ್ನು ಕೇಳುವ ‘ಗೆಟ್’ ಕೋರಿಕೆಯಿಂದ ಮತ್ತೊಮ್ಮೆ ಪ್ರಯತ್ನಿಸುತ್ತದೆ. 404 ಬಂದರೆ ಪುಟ ಸಿಗಲಿಲ್ಲ ಎಂದಷ್ಟೇ ಅರ್ಥ, 410 ಬಂದರೆ ಅದನ್ನು ತೆಗೆದುಹಾಕಲಾಗಿದೆ ಎಂದು ತಾಣವೇ ಒಪ್ಪಿಕೊಂಡಂತೆ. ಪ್ರವೇಶವಿಲ್ಲ ಎನ್ನುವ 403 ಬಂದ ಕೂಡಲೇ ತಾಣ ಸತ್ತಿದೆ ಎಂದುಕೊಳ್ಳಬಾರದು, ಏಕೆಂದರೆ ಯಂತ್ರಗಳ ಭೇಟಿಯನ್ನು ತಡೆಯುವ ರಕ್ಷಣಾ ವ್ಯವಸ್ಥೆಗಳು ತಪಾಸಕವನ್ನು ಹೀಗೆಯೇ ಹೊರಗಿಡುತ್ತವೆ. ಅಂಥವನ್ನು ಬ್ರೌಸರ್‌ನಲ್ಲಿ ಕೈಯಾರೆ ತೆರೆದು ನೋಡಬೇಕು. ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು, ಎಲ್ಲ ಸರಿಯಿದೆ ಎಂದು ಸಾರುವ 200. ಡಾಟ್ ಕಾಮ್ ಡೊಮೇನಿನ ಅವಧಿಯನ್ನು ಮಾಲೀಕರು ನವೀಕರಿಸದೆ ರಿಜಿಸ್ಟ್ರಾರ್, ಅಂದರೆ ಡೊಮೇನ್ ನೋಂದಾಯಿಸುವ ಸಂಸ್ಥೆ, ಅದನ್ನು ರದ್ದು ಮಾಡಿದ ಮೇಲೆ ಮಾಲೀಕರಿಗೆ ಅದನ್ನು ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ, ಬಳಿಕ 5 ದಿನ ಅಳಿಸುವಿಕೆಯ ಹಂತ, ಆಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ತಾಣಕ್ಕೆ ಊರೆಲ್ಲ ಕೊಂಡಿ ಕೊಟ್ಟಿರುವುದರಿಂದ ಜೂಜಿನ ತಾಣಗಳು ಅಂಥ ಹೆಸರುಗಳನ್ನು ಹುಡುಕಿ ಕೊಳ್ಳುತ್ತವೆ, ಮತ್ತು ತಪಾಸಕಕ್ಕೆ ಅಲ್ಲಿಂದ 200 ಉತ್ತರ ಬರುತ್ತಲೇ ಇರುತ್ತದೆ. ಇದಕ್ಕಾಗಿ ನಾನು ಪ್ರತಿ ತಾಣದ ಶೀರ್ಷಿಕೆಯನ್ನೂ ಮೊದಲ ಕೆಲವು ಸಾಲುಗಳನ್ನೂ ಉಳಿಸಿಟ್ಟುಕೊಂಡು, ಮುಂದಿನ ತಪಾಸಣೆಯಲ್ಲಿ ಅವು ಬಹುಮಟ್ಟಿಗೆ ಬದಲಾಗಿದ್ದರೆ ಆ ನಮೂದನ್ನು ತಡೆಹಿಡಿದು ಪರಿಶೀಲನೆಯ ಸಾಲಿಗೆ ಹಾಕುವಂತೆ ಮಾಡಿದ್ದೇನೆ.

ಈ ತಪಾಸಣೆಯೇ ಟಿಪ್ಪಣಿ ಬರೆಯುವವರ ಕಣ್ಣಾಗುತ್ತದೆ. ಬಳಕೆದಾರರು ತಮ್ಮ ಸ್ವಂತ ಟಿಪ್ಪಣಿಗಳನ್ನು ಬರೆದಿಟ್ಟುಕೊಳ್ಳುವ ಸೇವೆಯೊಂದು ನನ್ನ ಪಟ್ಟಿಯಲ್ಲಿತ್ತು. ಮೊದಲು ಅದರ ಬೆಲೆಯ ಪುಟದಿಂದ ಉಚಿತ ಖಾತೆಯ ಸಾಲು ಕಾಣೆಯಾಯಿತು. ನಂತರ ಸಹಾಯದ ಪುಟದ ವಿಳಾಸ 302 ಉತ್ತರದೊಂದಿಗೆ ಮುಖಪುಟಕ್ಕೆ ತಿರುಗಿತು. ನೇಮಕಾತಿ ಪುಟ 404 ಆಯಿತು. ಹೊಸ ಆವೃತ್ತಿಗಳ ಪಟ್ಟಿ ಬೆಳೆಯುವುದು ನಿಂತಿತು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ವಿಶೇಷವಿರಲಿಲ್ಲ, ಒಟ್ಟಿಗೆ ಇಟ್ಟಾಗ ಚಿತ್ರ ಸ್ಪಷ್ಟವಾಗಿತ್ತು. ಕಂಪನಿ ಮುಚ್ಚುತ್ತದೆ ಎಂದು ನಾನು ಬರೆಯಲಿಲ್ಲ, ಹಾಗೆ ಬರೆಯಲು ನನ್ನ ಬಳಿ ಆಧಾರವಿರಲಿಲ್ಲ. ಕಂಡ ನಾಲ್ಕು ಬದಲಾವಣೆಗಳನ್ನು ದಿನಾಂಕದೊಂದಿಗೆ ದಾಖಲಿಸಿ, ಬಳಕೆದಾರರು ತಮ್ಮ ಟಿಪ್ಪಣಿಗಳ ಪ್ರತಿಯನ್ನು ಇಳಿಸಿಟ್ಟುಕೊಳ್ಳುವುದು ಒಳ್ಳೆಯದು ಎಂದು ಸೇರಿಸಿದೆ. ಕೆಲವೇ ವಾರಗಳಲ್ಲಿ ಸೇವೆ ಕೊನೆಗೊಳ್ಳುತ್ತಿದೆ ಎಂಬ ಪ್ರಕಟಣೆ ಬಂತು, ಪ್ರತಿ ಪಡೆಯಲು ಕೊಟ್ಟ ಗಡುವೂ ಬಹಳ ಕಡಿಮೆಯಿತ್ತು. ಆ ಸಾಲನ್ನು ಓದಿ ತಮ್ಮ ಬರಹಗಳನ್ನು ಉಳಿಸಿಕೊಂಡವರು ನನಗೆ ಪತ್ರ ಬರೆದರು. ಡೈರೆಕ್ಟರಿ ಯಾರಿಗೆ ಬೇಕು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಆ ಪತ್ರಗಳಲ್ಲಿದೆ.

ಇನ್ನು ಹಣ. ಯಾಹೂ ಡೈರೆಕ್ಟರಿ ಒಂದು ಕಾಲದಲ್ಲಿ ವಾಣಿಜ್ಯ ತಾಣಗಳ ಪರಿಶೀಲನೆಗೆ ವರ್ಷಕ್ಕೆ 299 ಡಾಲರ್ ಪಡೆಯುತ್ತಿತ್ತು, ಡಿಮೋಜ್ ಏನನ್ನೂ ಪಡೆಯುತ್ತಿರಲಿಲ್ಲ. ಇವೆರಡರ ನಂತರ ಬಂದ ಅಸಂಖ್ಯ ಸಣ್ಣ ಡೈರೆಕ್ಟರಿಗಳು, ಸರ್ಚ್ ಫಲಿತಾಂಶದಲ್ಲಿ ಮೇಲೇರಲು ನೆರವಾಗುವ ಕೊಂಡಿಗಳನ್ನು ಮಾರುವುದನ್ನೇ ಕಸುಬು ಮಾಡಿಕೊಂಡು ಹೆಸರು ಕೆಡಿಸಿಕೊಂಡವು. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಸರ್ಚ್‌ನಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಇಂಥ ಕೃತಕ ಕೊಂಡಿಗಳನ್ನೇ ಗುರಿಯಾಗಿಸಿತ್ತು. ನಾನು ಸೇರ್ಪಡೆಗೆ ಹಣ ಪಡೆಯುವುದಿಲ್ಲ, ಪಟ್ಟಿಯಲ್ಲಿ ಮೇಲಿನ ಸ್ಥಾನಕ್ಕೂ ಪಡೆಯುವುದಿಲ್ಲ. ತಾಣದ ಖರ್ಚು ನಡೆಯುವುದು ಓದುಗರ ದೇಣಿಗೆಯಿಂದ ಮತ್ತು ಪುಟದ ಬದಿಯಲ್ಲಿ ಪ್ರತ್ಯೇಕವಾಗಿ ಕಾಣುವ ಜಾಹೀರಾತಿನಿಂದ. ಜಾಹೀರಾತಿನ ಕೊಂಡಿಗಳಿಗೆ, ಇವು ಹಣ ಪಡೆದು ಹಾಕಿದವು ಎಂದು ಸರ್ಚ್ ಎಂಜಿನ್‌ಗಳಿಗೆ ತಿಳಿಸುವ ‘ಸ್ಪಾನ್ಸರ್ಡ್’ ಗುರುತು ತಪ್ಪದೆ ಇರುತ್ತದೆ. ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎನ್ನುವ, 2005ರಲ್ಲೇ ಬಂದಿದ್ದ ‘ನೋಫಾಲೋ’ ಗುರುತಿಗೆ ಜೊತೆಯಾಗಿ ಈ ಗುರುತನ್ನು 2019ರಲ್ಲಿ ಗೂಗಲ್ ಪ್ರಕಟಿಸಿತು. ನಾನು ಬರೆಯುವ ಕಂಪನಿಗಳ ಷೇರುಗಳನ್ನು ಇಟ್ಟುಕೊಳ್ಳುವುದಿಲ್ಲ. ಕಂಪನಿಗಳ ಪರವಾಗಿ ಬರುವ ಪತ್ರಗಳಲ್ಲಿ ಇರುವುದನ್ನು ಎರಡಾಗಿ ಬೇರ್ಪಡಿಸುತ್ತೇನೆ. ಬೆಲೆ, ದಿನಾಂಕ, ಸೌಲಭ್ಯ ಇಂಥ ವಿವರಗಳಲ್ಲಿ ತಿದ್ದುಪಡಿ ಬೇಕಿದ್ದರೆ ಅದೇ ದಿನ ತಿದ್ದಿ, ತಿದ್ದಿದ್ದೇನೆಂದು ಕೆಳಗೆ ಬರೆಯುತ್ತೇನೆ. ಅಭಿಪ್ರಾಯವನ್ನು ಮೆದುವಾಗಿಸಿ ಎಂಬ ಕೋರಿಕೆಯಾದರೆ, ಅವರ ಪ್ರತಿಕ್ರಿಯೆಯನ್ನು ಅವರ ಮಾತುಗಳಲ್ಲೇ ಟಿಪ್ಪಣಿಯ ಕೆಳಗೆ ಹಾಕಲು ಸಿದ್ಧ ಎಂದು ತಿಳಿಸುತ್ತೇನೆ. ಒಂದು ಕಂಪನಿ ದೊಡ್ಡ ಜಾಹೀರಾತಿನ ಒಪ್ಪಂದದ ಜೊತೆಗೆ ಹಳೆಯ ಟಿಪ್ಪಣಿಯೊಂದನ್ನು ತೆಗೆಯಬೇಕೆಂಬ ಷರತ್ತನ್ನೂ ಇಟ್ಟಿತ್ತು. ಒಪ್ಪಂದವನ್ನು ಬಿಟ್ಟೆ, ಟಿಪ್ಪಣಿ ಇದ್ದಲ್ಲೇ ಇದೆ.

ಟಿಪ್ಪಣಿಗೆ ನಾನು ಮೊದಲು ತೆರೆಯುವುದು ಪತ್ರಿಕಾ ಹೇಳಿಕೆಯನ್ನಲ್ಲ, ಲೆಕ್ಕಪತ್ರವನ್ನು. ಅಮೆರಿಕದ ಷೇರುಪೇಟೆಯಲ್ಲಿರುವ ಅಲ್ಲಿನ ಕಂಪನಿಗಳು ಷೇರುಪೇಟೆ ನಿಯಂತ್ರಕರಿಗೆ ಸಲ್ಲಿಸುವ ‘10-ಕೆ’ ವಾರ್ಷಿಕ ವರದಿ ಎಡ್ಗರ್ ಎಂಬ ಸರ್ಕಾರಿ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ವಿಭಾಗವಾರು ವರಮಾನವನ್ನೂ, ಕಂಪನಿ ತನಗಿರುವ ಅಪಾಯಗಳನ್ನು ತಾನೇ ಪಟ್ಟಿ ಮಾಡುವ ಭಾಗವನ್ನೂ ಓದಬೇಕು. ಒಂದು ಕಂಪನಿಯ ‘ವರ್ಷ’ ಇನ್ನೊಂದರ ವರ್ಷವಲ್ಲ ಎಂಬ ಎಚ್ಚರವೂ ಬೇಕು: ಮೈಕ್ರೋಸಾಫ್ಟ್‌ನ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿದರೆ ಆಪಲ್‌ನದು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಕಂಪನಿ ಯಾವ ಅಂಕಿಯನ್ನು ಹೇಳುವುದನ್ನು ನಿಲ್ಲಿಸಿತು ಎಂದು ಗಮನಿಸುವುದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಎಷ್ಟು ಐಫೋನ್‌ಗಳು ಮಾರಾಟವಾದವೆಂದು ಆಪಲ್ 2018ರ ಕೊನೆಯಿಂದ ತಿಳಿಸುವುದನ್ನು ಬಿಟ್ಟಿತು. ತಿಂಗಳ ಸಕ್ರಿಯ ಬಳಕೆದಾರರ ಲೆಕ್ಕವನ್ನು ಟ್ವಿಟರ್ 2019ರಲ್ಲಿ ಕೈಬಿಟ್ಟು ದಿನದ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ಹೀಗೆ ಅಳತೆಗೋಲು ಬದಲಾದಾಗ ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎಂದು ಬರೆಯುವಂತಿಲ್ಲ. ಬದಲಾವಣೆಗೆ ಕಂಪನಿ ಕೊಟ್ಟ ಕಾರಣವನ್ನೂ, ಬದಲಾವಣೆಗೆ ಮುಂಚಿನ ಪ್ರವೃತ್ತಿ ಹೇಗಿತ್ತೆಂಬುದನ್ನೂ ಒಟ್ಟಿಗೆ ಕೊಟ್ಟು ಓದುಗರ ಮುಂದಿಡುವುದೇ ನ್ಯಾಯ.

ಕಣ್ಣು ಕುಕ್ಕುವ ಹೋಲಿಕೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2008ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಯಾಹೂವನ್ನು ಸುಮಾರು 4,460 ಕೋಟಿ ಡಾಲರ್‌ಗೆ ಕೊಳ್ಳಲು ಮುಂದೆ ಬಂದಿತ್ತು, ಯಾಹೂ ಒಪ್ಪಲಿಲ್ಲ. 2017ರಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ವೆರೈಜನ್ ಅದನ್ನು ಕೊಂಡಾಗ ಕೊಟ್ಟದ್ದು ಸುಮಾರು 448 ಕೋಟಿ ಡಾಲರ್. ಮೌಲ್ಯ ಹತ್ತನೇ ಒಂದು ಭಾಗಕ್ಕೆ ಕುಸಿಯಿತು ಎಂದು ಬರೆಯುವುದು ಬಹಳ ಸುಲಭ. ಆದರೆ ವೆರೈಜನ್ ಕೊಂಡದ್ದು ಯಾಹೂವಿನ ದಿನನಿತ್ಯದ ವ್ಯವಹಾರವನ್ನು ಮಾತ್ರ. ಚೀನಾದ ಅಲಿಬಾಬಾ ಕಂಪನಿಯಲ್ಲಿ ಯಾಹೂ ಹೊಂದಿದ್ದ ಬೆಲೆಬಾಳುವ ಷೇರುಗಳು ಆ ಮಾರಾಟದಲ್ಲಿ ಸೇರದೆ, ಉಳಿದ ಕಂಪನಿಯ ಬಳಿಯೇ ಇದ್ದವು. ಈ ಒಂದು ವಾಕ್ಯ ಸೇರಿದರೆ ಹೋಲಿಕೆಯ ಕಾವು ತಗ್ಗುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಡುವುದು ಓದುಗರಿಗೆ ಮಾಡುವ ವಂಚನೆಯೇ ಸರಿ.

ದೊಡ್ಡ ಕಂಪನಿ ಸಣ್ಣದನ್ನು ಕೊಂಡಾಗ ‘ಬಳಕೆದಾರರಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ’ ಎಂಬ ಅರ್ಥದ ಪ್ರಕಟಣೆ ಬರುವುದು ವಾಡಿಕೆ. ಆ ದಿನ ನಾನು ಟಿಪ್ಪಣಿ ಬರೆಯುವುದಿಲ್ಲ. ಪ್ರಕಟಣೆಯ ಪುಟವನ್ನು ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಕೊಟ್ಟ ಭರವಸೆಗಳನ್ನು ನಮೂದಿನ ಜೊತೆ ಇಟ್ಟು, ಒಂದು ವರ್ಷದ ನಂತರ ಮತ್ತೆ ತೆರೆದು ನೋಡುವಂತೆ ಗುರುತು ಹಾಕಿಕೊಳ್ಳುತ್ತೇನೆ. ಜನ ಸ್ವಂತ ಪುಟಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತಿದ್ದ ಜಿಯೋಸಿಟೀಸ್ ಎಂಬ ಸೇವೆಯನ್ನು ಯಾಹೂ 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿದಾಗ ಜನ ಕಟ್ಟಿಕೊಂಡಿದ್ದ ಪುಟಗಳು ಅಪಾರ ಸಂಖ್ಯೆಯಲ್ಲಿ ಅಳಿಸಿಹೋದವು. ಉಳಿದಷ್ಟು ಉಳಿದದ್ದು ಪ್ರತಿ ತೆಗೆದಿಡಲು ಮುಂದಾದ ಸ್ವಯಂಸೇವಕರಿಂದ. ಅದೇ ಕಾರಣಕ್ಕೆ ನನ್ನ ಡೈರೆಕ್ಟರಿಯ ಇಡೀ ದತ್ತಾಂಶವನ್ನು, ವಿವರಣೆಗಳು ಮತ್ತು ಪರಿಶೀಲಿಸಿದ ದಿನಾಂಕಗಳ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಒಂದು ಕಡತವಾಗಿ ತಪ್ಪದೆ ಪ್ರಕಟಿಸುತ್ತೇನೆ. ಡಿಮೋಜ್ ಕೂಡ ತನ್ನ ದತ್ತಾಂಶವನ್ನು ಹೀಗೆ ಮುಕ್ತವಾಗಿ ಹಂಚುತ್ತಿತ್ತು, ಮತ್ತು ಅದು ನಿಂತ ಮೇಲೆ ಅದರ ಸಂಪಾದಕರೇ ಕರ್ಲೀ ಎಂಬ ಹೆಸರಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ಈಗ ನನ್ನ ಜೊತೆ ಇನ್ನಿಬ್ಬರು ಸಂಪಾದಕರಿದ್ದಾರೆ. ತಪಾಸಕದ ತಂತ್ರಾಂಶ, ಡೊಮೇನಿನ ನವೀಕರಣದ ದಿನಾಂಕ, ಬಾಕಿ ಉಳಿದ ಅರ್ಜಿಗಳ ಸಾಲು ಮೂರೂ ಅವರ ಕೈಗೆಟಕುವ ಹಾಗೆ ಇಟ್ಟಿದ್ದೇನೆ.