ವಾರಕ್ಕೊಂದು ಅಂದರೆ ವಾರಕ್ಕೆ ಒಂದೇ! ವಿಟಮಿನ್ ಡಿ ತೆಗೆದುಕೊಳ್ಳುವ ಕ್ರಮ

ನಮ್ಮ ಬಳಗದಲ್ಲಿ ಒಬ್ಬರು ವಾರಕ್ಕೊಂದು ನುಂಗಬೇಕಾದ ವಿಟಮಿನ್ ಡಿ ಕ್ಯಾಪ್ಸೂಲನ್ನು ಬಿಪಿ ಮಾತ್ರೆ ಜೊತೆ ದಿನಾ ನುಂಗುತ್ತಿದ್ದರು. ಇನ್ನೊಬ್ಬರು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸುತ್ತಲೇ ಇದ್ದಾರೆ. ಕೇಳಿದರೆ ಇಬ್ಬರದೂ ಒಂದೇ ಮಾತು: ‘ವಿಟಮಿನ್ ತಾನೆ, ಏನಾಗುತ್ತೆ?’ ಆಗುತ್ತೆ. ಅದಕ್ಕೇ ಈ ಲೇಖನ.

1. ಬೇಕಾ ಅಂತ ಮೊದಲು ನೋಡಿ

ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ನೆಲದಿಂದ ಏಳಲು ಕೈ ಊರಬೇಕಾಗುವುದು, ಮೂಳೆ ಒತ್ತಿದರೆ ನೋವು – ಇಂಥದ್ದಿದ್ದರೆ ಡಾಕ್ಟರ ಹತ್ತಿರ ಹೋಗಿ. ಅವರು ಹೇಳಿದರೆ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ರಕ್ತಪರೀಕ್ಷೆ ಮಾಡಿಸಿ. 20 ng/mLಗಿಂತ ಕಡಿಮೆ ಬಂದರೆ ಕೊರತೆ. 26 ಬಂದಿದ್ದಕ್ಕೆ ಲ್ಯಾಬ್‌ನವರು ದಪ್ಪಕ್ಷರದಲ್ಲಿ ‘ಕಡಿಮೆ’ ಅಂತ ಛಾಪಿಸಿದರೆ ಗಾಬರಿ ಬೀಳಬೇಡಿ. ಆರೋಗ್ಯವಾಗಿರುವವರು ಸುಮ್ನೆ ಪ್ಯಾಕೇಜ್ ಚೆಕಪ್‌ನಲ್ಲಿ ಇದನ್ನೂ ಸೇರಿಸಿಕೊಳ್ಳುವ ಅಗತ್ಯವಿಲ್ಲ. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಇದನ್ನೇ ಹೇಳಿದೆ.

2. ಡಾಕ್ಟರಿಗೆ ಎಲ್ಲ ಹೇಳಿ

ಕಿಡ್ನಿ ಕಲ್ಲು, ಕಿಡ್ನಿ ತೊಂದರೆ, ಹೃದಯಕ್ಕೆ ಡಿಗಾಕ್ಸಿನ್, ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ – ಯಾವುದಿದ್ದರೂ ಮುಚ್ಚಿಡಬೇಡಿ.

3. ಎಲ್ಲರೂ ಎಡವುವ ಜಾಗ

ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್ (IU), ವಾರಕ್ಕೊಂದು, ಎಂಟು ವಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದ್ದು 600 ಯೂನಿಟ್. ಅಂದರೆ ಒಂದು ಕ್ಯಾಪ್ಸೂಲಿನಲ್ಲಿ ನೂರು ದಿನದ ಪಾಲು ಇದೆ! ಬಿ ಕಾಂಪ್ಲೆಕ್ಸ್‌ನಂತೆ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ಮೈಯ ಕೊಬ್ಬಿನಲ್ಲಿ ಉಳಿದುಕೊಳ್ಳುತ್ತದೆ.

ಹಾಗಾಗಿ ಅಂಗಡಿಯಿಂದ ತಂದ ತಕ್ಷಣ ಒಂದು ಬಾಲ್‌ಪೆನ್ ತಗೊಳ್ಳಿ. ಸ್ಟ್ರಿಪ್ಪಿನ ಹಿಂಬದಿ ಒಂದೊಂದು ಕ್ಯಾಪ್ಸೂಲಿನ ಮೇಲೂ ತಾರೀಖು ಬರೆಯಿರಿ, ಪ್ರತಿ ವಾರವೂ ಅದೇ ದಿನ ಬರುವಂತಿರಲಿ. ನನ್ನ ಆಯ್ಕೆ ಭಾನುವಾರ. ಕೊನೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದು, ಪಕ್ಕದಲ್ಲಿ ‘ನಿಲ್ಲಿಸು’ ಅಂತ ಸೇರಿಸಿ. ದಿನದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ವಯಸ್ಸಾದವರು ಡಬ್ಬಿಯಲ್ಲಿ ಇರುವುದನ್ನೆಲ್ಲ ನುಂಗಿಬಿಡುತ್ತಾರೆ, ಅವರ ತಪ್ಪೇನಿಲ್ಲ. ಒಂದು ಭಾನುವಾರ ಮರೆತರೆ ನೆನಪಾದ ದಿನ ತಗೊಳ್ಳಿ. ಎರಡು ಒಟ್ಟಿಗೆ ಬೇಡ.

ಖಾಲಿ ಹೊಟ್ಟೆಗೆ ಕಾಫಿ ಜೊತೆ ನುಂಗುವುದು ದಂಡ. ಊಟದಲ್ಲಿ ಜಿಡ್ಡು ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಬಾಡೂಟವಾಗಲಿ, ತುಪ್ಪ ಹಾಕಿದ ಹೋಳಿಗೆಯಾಗಲಿ, ದಿನದ ದೊಡ್ಡ ಊಟ ಆದ ಮೇಲೆ ತಗೊಳ್ಳಿ. ಪುಡಿ ಪ್ಯಾಕೆಟ್ ಆದರೆ ಕೆನೆ ತೆಗೆಯದ ಹಾಲಿಗೆ ಬೆರೆಸಿ, ಲೋಟದ ತಳದಲ್ಲಿ ನಿಂತದ್ದನ್ನೂ ಕದಡಿ ಕುಡಿಯಿರಿ. ‘ನ್ಯಾನೋ’ ಅಂತ ಬರೆದ ಪುಟ್ಟ ಬಾಟಲಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ, ಸಾದಾ ಕ್ಯಾಪ್ಸೂಲ್ ಸಾಕು. ಜೆಲ್ಲಿ ಮಿಠಾಯಿಯಂಥ ವಿಟಮಿನ್ ಗಮ್ಮಿಗಳಂತೂ ಮನೆಗೆ ಬರಲೇಬಾರದು. ಮಕ್ಕಳು ಮಿಠಾಯಿ ಅಂತ ಖಾಲಿ ಮಾಡುತ್ತವೆ.

‘ಒಂದೇ ಇಂಜೆಕ್ಷನ್, ಕೆಲಸ ಮುಗೀತು’ ಅನ್ನುವ 6 ಲಕ್ಷ ಯೂನಿಟ್ಟಿನ ಅಡ್ಡದಾರಿ ನನಗೆ ಇಷ್ಟವಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ನುಂಗಿಸಿ ನೋಡಿದ್ದರು. ಫಲಿತಾಂಶ 2010ರಲ್ಲಿ ಬಂತು. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

4. ಎಂಟು ವಾರ ಆಯಿತಾ? ನಿಲ್ಲಿಸಿ

ಮುಂದೆ ತಿಂಗಳಿಗೊಂದೋ, ದಿನಕ್ಕೆ 1,000 ಯೂನಿಟ್ಟೋ, ಏನೂ ಬೇಡವೋ, ಡಾಕ್ಟರ್ ಹೇಳಲಿ. ಮೆಡಿಕಲ್ ಶಾಪಿನ ಹುಡುಗ ಅಲ್ಲ. ಕ್ಯಾಲ್ಸಿಯಂ ಮಾತ್ರೆಯಲ್ಲೂ ಡಿ ಸೇರಿರುತ್ತದೆ, ಲೇಬಲ್ ಓದಿ ಲೆಕ್ಕಕ್ಕೆ ಹಿಡಿಯಿರಿ. ವಿಪರೀತ ಬಾಯಾರಿಕೆ, ಮಲಬದ್ಧತೆ, ವಾಂತಿ, ಪದೇಪದೇ ಮೂತ್ರ, ಮಂಕು ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಮಾತ್ರೆ ನಿಲ್ಲಿಸಿ ಅವತ್ತೇ ತೋರಿಸಿ. ಅಜ್ಜ-ಅಜ್ಜಿಯರಲ್ಲಿ ಇದನ್ನು ‘ವಯಸ್ಸಾಯ್ತಲ್ವಾ’ ಅಂತ ತಳ್ಳಿಹಾಕುವುದೇ ಜಾಸ್ತಿ.

5. ಏನು ನಿರೀಕ್ಷಿಸಬಹುದು?

ಕೊರತೆ ಇದ್ದವರಿಗೆ ಮೂಳೆ, ಸ್ನಾಯುಗಳಲ್ಲಿ ಗುಣ ಕಾಣುತ್ತದೆ. ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್, ದೊಡ್ಡವರ ಮೂಳೆ ಮೆತ್ತಗಾಗುವ ಕಾಯಿಲೆಗೆ ಇದೇ ಮದ್ದು. ಹೃದಯಕ್ಕೆ, ಕ್ಯಾನ್ಸರಿಗೆ ಅನ್ನುವ ಜಾಹೀರಾತು ನಂಬಬೇಡಿ. ಅಮೆರಿಕದ ‘ವೈಟಲ್’ ಅಧ್ಯಯನದಲ್ಲಿ 25,871 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 2,000 ಯೂನಿಟ್‌ನಂತೆ ಐದು ವರ್ಷ ಕೊಟ್ಟರೂ ಹೃದಯಾಘಾತವಾಗಲಿ ಕ್ಯಾನ್ಸರಾಗಲಿ ಕಡಿಮೆಯಾಗಲಿಲ್ಲ.

ರಾಗಿ ಮುದ್ದೆ ಬಿಡಬೇಡಿ. ಅದರಲ್ಲಿ ಡಿ ಇಲ್ಲ, ಆದರೆ ಡಿ ನೆರವಿನಿಂದ ಮೈ ಹೀರಿಕೊಳ್ಳಬೇಕಾದ ಕ್ಯಾಲ್ಸಿಯಂ ಇದೆ. ಬಿಸಿಲು? ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಬೆಳಗಿನ ಎಳೆ ಬಿಸಿಲಲ್ಲೂ ಅದು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ತೋಳು, ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ.

ಕೂಸುಗಳ ಡ್ರಾಪ್ಸ್ ಬಗ್ಗೆ ಒಂದು ಮಾತು. ಒಂದು ಕಂಪನಿಯದ್ದು ಒಂದು ಎಂಎಲ್‌ಗೆ 400 ಯೂನಿಟ್ ಇದ್ದರೆ ಇನ್ನೊಂದರದ್ದು 800 ಇರುತ್ತದೆ. ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟರೆ ಬಾಟಲಿ ಮೇಲಿನ ಅಂಕಿ ಓದಿ, ಎಷ್ಟು ಹಾಕಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಹಳೇ ಡ್ರಾಪರನ್ನು ಹೊಸ ಬಾಟಲಿಗೆ ಬಳಸಬೇಡಿ.