ಮಾವಿನ ಮಂಡಿಯ ಇಂಗ್ಲಿಷು

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿಯ 80 ಅಂಕದ ಪೇಪರ್ ಹೇಗೋ ಬರೆಯುತ್ತಾರೆ. ಎದ್ದು ನಿಂತು ಎರಡು ಮಾತಾಡು ಅಂದರೆ ಮಾತ್ರ ತುಟಿ ಬಿಚ್ಚುವುದಿಲ್ಲ.

ಇಡೀ ತರಗತಿ ರಾಗವಾಗಿ ಓದುವುದನ್ನು ಮಾತು ಅಂತ ನಾನು ಒಪ್ಪುವುದಿಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಬೇಕಾಗಿರಬೇಕು. ಆಗಲೇ ಮಾತು ಹುಟ್ಟುವುದು, ಅಲ್ವಾ? ಅದಕ್ಕೇ ಮಕ್ಕಳನ್ನು ಜೋಡಿ ಮಾಡಿ ಮಾವಿನ ಮಂಡಿ ಹೂಡಿಸುತ್ತೇನೆ. ಒಬ್ಬರ ಚೀಟಿಯಲ್ಲಿ ಬಾದಾಮಿ, ರಸಪುರಿ, ತೋತಾಪುರಿ ರೇಟು. ಇನ್ನೊಬ್ಬರ ಚೀಟಿಯಲ್ಲಿ ಕೈಯಲ್ಲಿರುವ ದುಡ್ಡು. ಚೀಟಿ ತೋರಿಸುವಂತಿಲ್ಲ, ಕೇಳಿಯೇ ತಿಳಿಯಬೇಕು. ಶುರುವಿಗೆ ಮುಂಚೆ ಒಂದು ನಿಮಿಷ ಯೋಚಿಸಲು ಬಿಡುತ್ತೇನೆ. ಆಗ ತೆಲುಗಲ್ಲಿ ಪಿಸುಗುಟ್ಟಿದರೂ ಸರಿ.

"ಟೂ ಮಚ್! ಗಿವ್ ಲೆಸ್!" ಅಂತ ಒಬ್ಬಳು ಚೌಕಾಸಿಗೆ ಇಳಿದಳು. "ನೋ ಅಕ್ಕಾ, ಫ್ರೆಶ್ ಮ್ಯಾಂಗೋ!" ಅಂದ ಎದುರಿನವನು. ವ್ಯಾಪಾರ ನಡೀತಾ ಇದೆ, ನಡುವೆ ನಾನ್ಯಾಕೆ ಬಾಯಿ ಹಾಕಲಿ? ಸುಮ್ನೆ ತಪ್ಪುಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡೆ. ಪೀರಿಯಡ್ ಮುಗಿಯುವ ಮುಂಚೆ ಅಂಥ ನಾಲ್ಕೈದು ವಾಕ್ಯ ಬೋರ್ಡಿಗೆ ಬರೆಯುತ್ತೇನೆ, ಯಾರದೆಂದು ಹೇಳುವುದಿಲ್ಲ. ಮಕ್ಕಳೇ ತಿದ್ದುತ್ತಾರೆ.

ನಿಜವಾದ ಲಾಭ ಇರುವುದು ಮರುದಿನದ ಕೆಲಸದಲ್ಲಿ. ಆ ವ್ಯಾಪಾರದ ಕಥೆಯನ್ನೇ ಪ್ರತಿಯೊಬ್ಬರೂ ಮೂರು ಬೇರೆ ಬೇರೆ ಜನಕ್ಕೆ ಹೇಳಬೇಕು. ಇದಕ್ಕೆ 4-3-2 ಅಂತಲೇ ಹೆಸರು. ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡು. ನ್ಯೂಜಿಲೆಂಡಿನ ಭಾಷಾ ಬೋಧನೆಯ ತಜ್ಞ ಪಾಲ್ ನೇಶನ್ 1989ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಎಂಟನೇ ಕ್ಲಾಸಿಗೆ ನಾಲ್ಕು ನಿಮಿಷ ಜಾಸ್ತಿಯಾಯಿತು. ನಾನು ಎರಡು, ಒಂದೂವರೆ, ಒಂದು ಮಾಡಿಕೊಂಡಿದ್ದೇನೆ. ಮೊದಲ ಸುತ್ತಲ್ಲಿ ತಡವರಿಕೆಯೇ ಜಾಸ್ತಿ. ಏನು ಹೇಳಬೇಕು ಅನ್ನುವ ಚಿಂತೆ ಎರಡನೇ ಸುತ್ತಿಗೆ ತೀರಿರುತ್ತದೆ, ವಾಕ್ಯದ ಕಡೆ ಗಮನ ಹೋಗುತ್ತದೆ. ಮೂರನೆಯದರಲ್ಲಿ 'ಆಂ... ಊಂ...' ಅನ್ನಲು ಪುರುಸೊತ್ತೇ ಇರುವುದಿಲ್ಲ. ಕೇಳುವವರು ಹೊಸಬರಾದ್ದರಿಂದ ಅದೇ ಕಥೆ ಅಂತ ಬೇಜಾರೂ ಆಗದು.

ನಮ್ಮ ಬೆಂಚು ಅಲುಗಾಡುವುದಿಲ್ಲ. ಮುಂದಿನ ಸಾಲು ಹಿಂದಕ್ಕೆ ತಿರುಗುತ್ತದೆ, ಸುತ್ತು ಮುಗಿದಾಗ ಒಂದೊಂದು ಜಾಗ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಟ್ಟಿರಬೇಕು.

ತೀರಾ ನಾಚುವ ಮಕ್ಕಳನ್ನು ಮೊದಲು ಕೇಳುವವರ ಸಾಲಲ್ಲೇ ಕೂರಿಸುತ್ತೇನೆ. ಮೂವರ ಕಥೆ ಕೇಳುವಷ್ಟರಲ್ಲಿ ಬೇಕಾದ ವಾಕ್ಯಗಳಲ್ಲಿ ಅರ್ಧ ಅಲ್ಲೇ ಸಿಕ್ಕಿರುತ್ತದೆ. ಆಮೇಲೆ ಸಾಲು ಅದಲು ಬದಲು.